ಬಹರೈನಿಗೆ ಒಂದು ಗ್ಯಾಸ್ ಪೈಪು

ಪೈಪು ಹಸಿರಿತ್ತೋ ಕಪ್ಪಿತ್ತೋ, ಈಗ ಖಚಿತವಿಲ್ಲ. ಹಸಿರು ಎನ್ನುತ್ತದೆ ನೆನಪು, ಅದನ್ನು ನಾನು ಪೂರ್ತಿ ನಂಬುವುದಿಲ್ಲ. ತೊಂಬತ್ತರ ದಶಕದ ಒಂದು ಬೇಸಿಗೆ. ಬಹರೈನ್ ವಿಮಾನ ನಿಲ್ದಾಣದ ಕಸ್ಟಮ್ಸ್ ಮೇಜಿನ ಮೇಲೆ ನನ್ನ ಸೂಟ್‌ಕೇಸ್ ತೆರೆದಿತ್ತು. ಹಪ್ಪಳದ ಕಟ್ಟಿನಡಿಯಿಂದ ಅಧಿಕಾರಿ ಸುರುಳಿ ಸುತ್ತಿದ ರಬ್ಬರ್ ಪೈಪನ್ನು ಎಳೆದು ತೆಗೆದ.

“ಇದೇನು?” ಎಂದು ಹಿಂದಿಯಲ್ಲಿ ಕೇಳಿದ.

“ಗ್ಯಾಸ್ ಒಲೆಯದ್ದು. ಇಲ್ಲೇ ಗುದೈಬಿಯಾದಲ್ಲಿರುವ ಅಕ್ಕನಿಗೆ.”

ಅವನು ನಕ್ಕ. “ಎಣ್ಣೆಯ ದೇಶಕ್ಕೆ ಗ್ಯಾಸ್ ಪೈಪು ತರ್ತೀಯಾ ಭಾಯಿ? ಮರಳೂ ತಂದಿದ್ದೀಯಾ?”

ಅಕ್ಕನ ಮನೆಯ ಕೆಳಗಿನ ಮಹಡಿಯಲ್ಲಿ ಹಳೆಯ ಪೈಪು ಬಿರಿದು ಅಡುಗೆಮನೆ ಸುಟ್ಟಿದೆ, ಅಂದಿನಿಂದ ಅವಳಿಗೆ ಒಲೆ ಹಚ್ಚಲು ಭಯ, ಊರಿನ ಪೈಪೇ ಬೇಕೆಂದು ಹಟ ಹಿಡಿದಿದ್ದಾಳೆ ಎಂದೆ. ಅವನ ನಗು ನಿಂತಿತು.

“ನಿಮ್ಮಲ್ಲಿ ಇದನ್ನೆಲ್ಲ ಯಾರು ನೋಡ್ತಾರೆ?”

“ಗ್ಯಾಸ್ ಏಜೆನ್ಸಿಯವರು ನೋಡಬೇಕು. ಬರುವುದು ಅಪರೂಪ. ಇಲ್ಲಿ?”

“ಗ್ಯಾಸ್ ಸರಕಾರ ಕೊಡ್ತದೆ. ಪೈಪು…” ಎನ್ನುತ್ತಾ ಸುರುಳಿಯನ್ನು ಕೈಯಲ್ಲಿ ತಿರುಗಿಸಿದ. “ಹಳತಾದದ್ದು ಹೇಗೆ ಗೊತ್ತಾಗ್ತದೆ?”

ಪೈಪನ್ನು ಮಡಚಿ ತೋರಿಸಿದೆ, ಬಿರುಕು ಕಂಡರೆ ಬದಲಿಸಬೇಕು ಎಂದೆ. ಅವನೂ ಮಡಚಿ ನೋಡಿದ. “ಅಮ್ಮನ ಮನೆಯಲ್ಲಿ ನನ್ನ ಮದುವೆಯ ಕಾಲದ್ದೇ ಇದೆ” ಎಂದು, ಪೈಪನ್ನು ಜೋಪಾನವಾಗಿ ಒಳಗಿಟ್ಟ.

ಹೊರಗೆ ಕಾದಿದ್ದ ಅಕ್ಕ ನನ್ನ ಮುಖ ನೋಡುವ ಮೊದಲೇ “ಪೈಪ್ ತಂದಿಯಲ್ಲ ಮಾರಾಯ?” ಎಂದಳು. ಆ ಸಂಜೆ ಜೋಡಣೆಗೆ ಸೋಪಿನ ನೀರು ಸವರಿ, ಗುಳ್ಳೆ ಏಳದೆ ಗ್ಯಾಸ್ ಸೋರುತ್ತಿಲ್ಲವೆಂದು ಖಚಿತವಾದ ಮೇಲೆ ಒಲೆ ಹಚ್ಚಿದಳು. ನೀರುದೋಸೆಯ ಚುಂಯ್ ಸದ್ದು ಇನ್ನೂ ಕಿವಿಯಲ್ಲಿದೆ, ಅಥವಾ ಹಾಗೆಂದುಕೊಂಡಿದ್ದೇನೆ. ಆ ಅಧಿಕಾರಿ ತನ್ನ ಅಮ್ಮನ ಮನೆಗೆ ಹೋಗಿ ಪೈಪು ಮಡಚಿ ನೋಡಿದನೋ ಇಲ್ಲವೋ, ನನಗೆ ಗೊತ್ತಿಲ್ಲ.