ಅಪ್ಪನ ಕಡೆಯ ಸಾಕ್ಷಿ

ಉಣ್ಣೆ ನೂತು ನೂತು ಅತ್ತೆಯ ಹೆಬ್ಬೆರಳು ಗೆರೆಯೇ ಇಲ್ಲದಷ್ಟು ನುಣುಪಾಗಿತ್ತು. ಕಂಬಳಿ ಸೊಸೈಟಿಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರೆ ಬರೀ ಮಸಿಯ ಬೊಟ್ಟು ಮೂಡುತ್ತಿತ್ತು. "ಇನ್ನೊಮ್ಮಿ ಒತ್ತಬೇ" ಎಂದು ಗುಮಾಸ್ತ ರೇಗುತ್ತಿದ್ದ. ಅವಳು ನಗುತ್ತ ಇನ್ನೊಂದು ಬೊಟ್ಟು ಇಡುತ್ತಿದ್ದಳು. ಆ ಬೆರಳುಗಳು ನನ್ನ ಕೂದಲಿನ ಸಿಕ್ಕು ಬಿಡಿಸುವಾಗ ಒಂದು ಎಳೆಯೂ ಜಗ್ಗುತ್ತಿರಲಿಲ್ಲ.

ಅವಳು ಅಪ್ಪನ ಅಕ್ಕ. ಮದುವೆಯಾದ ಎರಡನೇ ವರ್ಷಕ್ಕೇ ಗಂಡನನ್ನು ಕಳೆದುಕೊಂಡು ಕೊಟ್ಟೂರಿನ ನಮ್ಮ ಮನೆಗೆ ಬಂದು ಉಳಿದವಳು. ಮಕ್ಕಳಿರಲಿಲ್ಲ. ನನಗೆ ಎರಡು ವರ್ಷವಿದ್ದಾಗ ಅಪ್ಪ ಅವ್ವ ಬೇರೆಯಾದರು. ಅವ್ವ ಹಡಗಲಿಯ ತವರು ಸೇರಿದಳು. ನಾನು ಅತ್ತೆಯ ಕಂಬಳಿಯೊಳಗೆ ಬೆಳೆದೆ. ಅವಳನ್ನೇ ಅವ್ವ ಎಂದು ಕರೆದರೆ ಪ್ರತಿ ಸಲವೂ ತಿದ್ದುತ್ತಿದ್ದಳು. "ನಾ ಅತ್ತಿ. ನಿಮ್ಮವ್ವ ಹಡಗಲ್ಯಾಗ ಅದಾಳ." ಓಣಿಯ ಹುಡುಗಿಯರ ಹುಣಸೆಬೀಜ ಮರೆತು ನನ್ನ ಉಡಿಯಲ್ಲಿ ಬಂದರೂ ಆಗಲೇ ಹಿಂದಕ್ಕೆ ಕಳಿಸುತ್ತಿದ್ದಳು. "ಮಂದೀದು ನಮ್ಮ ಉಡ್ಯಾಗ ಇದ್ರ ಉಂಡದ್ದು ಮೈಗೆ ಹತ್ತಲ್ಲ" ಅನ್ನುವುದು ಅವಳ ಮಾತು.

ನಾನು ಮೂರನೇ ಇಯತ್ತೆಯಲ್ಲಿದ್ದಾಗ ಅವ್ವ ಬಳ್ಳಾರಿಯ ಕೋರ್ಟಿಗೆ ಹೋದಳು. ಮಗಳು ಬೇಕು, ತವರಿನಿಂದ ತಂದ ಸಾಮಾನು ಬೇಕು ಎಂಬುದು ಅವಳ ಅರ್ಜಿ. ಇಂಥವಕ್ಕೇ ಬೇರೆ ಕೋರ್ಟುಗಳು ನಮ್ಮ ಕಡೆ ಆಗ ಇರಲಿಲ್ಲ. ಹೊಲದ ಬದು, ಬಾವಿಯ ಪಾಲು ಇಂಥ ವ್ಯಾಜ್ಯಗಳ ನಡುವೆ ನಮ್ಮದನ್ನೂ ಕೂಗುತ್ತಿದ್ದರು. ವಾಯಿದೆ ಇದ್ದ ದಿನ ಅಪ್ಪ, ಅತ್ತೆ, ನಾನು ಕೂಡ್ಲಿಗಿಯಲ್ಲಿ ಇಳಿದು ಬಳ್ಳಾರಿ ಬಸ್ಸು ಹಿಡಿಯುತ್ತಿದ್ದೆವು. ಅಲ್ಲಿ ಅತ್ತೆ ನನಗೆ ಮಂಡಕ್ಕಿ ಕೊಡಿಸಿ ತಾನು ನೀರು ಕುಡಿಯುತ್ತಿದ್ದಳು.

ಒಂದು ದಿನ ಜಡ್ಜ್ ಸಾಹೇಬರು ನನ್ನನ್ನು ತಮ್ಮ ಕೋಣೆಗೆ ಕರೆಸಿ ಪೆಪ್ಪರಮಿಂಟು ಕೊಟ್ಟರು.

"ನಿನಗೆ ಯಾರ ಹತ್ರ ಇರೋಕೆ ಇಷ್ಟ ಮಗು?"

"ಅತ್ತಿ ಹತ್ರ."

ಇದನ್ನು ಕೇಳಿ ಅಪ್ಪನ ವಕೀಲರಿಗೆ ಸಂತೋಷವಾಯಿತು. ಅತ್ತೆ ಇರುವುದು ಅಪ್ಪನ ಮನೆಯಲ್ಲಿ. ಅಲ್ಲಿಗೆ ಅಪ್ಪ ಗೆದ್ದಂತೆಯೇ. ವರಾಂಡದಲ್ಲಿ ಅವಳಿಗೆ ಪಾಠ ಹೇಳಿದರು. "ತಾಯಿ ಕೂಸನ್ನ ಬಿಟ್ಟು ಹೋದ್ಲು, ಅವತ್ತಿಂದ ನಾನೇ ಸಾಕೀನಿ ಅನ್ರಿ. ಅಷ್ಟು ಸಾಕು." ಅತ್ತೆ ತಲೆಯಾಡಿಸಿ, ಸೆರಗು ಹೊದ್ದು ಒಳಗೆ ಹೋದಳು. ನಾನು ಹೊರಗೆ ಬೆಂಚಿನ ಮೇಲಿದ್ದೆ. ಒಳಗೆ ನಡೆದದ್ದನ್ನು ಅವ್ವ ಮುಂದೆ ಎಷ್ಟೋ ಸಲ ನನಗೆ ಹೇಳಿದ್ದಾಳೆ.

ತಾಯಿ ಮಗುವನ್ನು ಬಿಟ್ಟು ಹೋದದ್ದು ನಿಜವೇ ಎಂದು ವಕೀಲರು ಕೇಳಿದರಂತೆ.

"ಇಲ್ರಿ," ಅಂದಳಂತೆ ಅತ್ತೆ. "ಆಕಿ ಕೂಸನ್ನ ಎತ್ಕೊಂಡ ಹೊಂಟಿದ್ಲು. ನಾವು ಕಸ್ಕೊಂಡ್ವಿ. ತಮ್ಮ ಬಾಗ್ಲ ಹಾಕು ಅಂದ, ಹಾಕಿದಾಕಿ ನಾನರಿ. ಆಕಿ ಹೊತ್ತು ಮುಣುಗೋ ತನಕ ಕಟ್ಟಿ ಮ್ಯಾಲ ಕುಂತಿದ್ಲು."

ಮಗು ನಿಮ್ಮ ಹತ್ತಿರವೇ ಇರುತ್ತೇನೆ ಅನ್ನುತ್ತದಲ್ಲ ಎಂದು ಜಡ್ಜ್ ಸಾಹೇಬರು ಕೇಳಿದರು.

"ಅದಕ್ಕ ಅವರವ್ವನ ರುಚಿ ಗೊತ್ತಿಲ್ರಿ, ಹಂಗಂತೈತಿ. ನನಗೇನು ಕೂಸು ಒಲ್ಲೆ ಅಂತಿಲ್ಲ. ಆದ್ರ ತಮ್ಮಗ ಇನ್ನೊಂದು ಹೆಣ್ಣು ನೋಡ್ಯಾರ. ಬಂದಾಕಿ ಇರು ಅಂದ್ರ ಇರ್ತೀನಿ, ಹೋಗು ಅಂದ್ರ ಹೋಗ್ಬೇಕು. ಆಮ್ಯಾಲ ಇದಕ್ಕ ಯಾರದಾರ? ಹಡದಾಕಿಗೆ ಕೊಟ್ಬಿಡ್ರಿ."

ಹಾಗೇ ಆಯಿತು. ನನ್ನನ್ನು ಅವ್ವನಿಗೆ ಕೊಟ್ಟರು. ತಿಂಗಳಿಗೊಮ್ಮೆ ಬಂದು ನೋಡಲು ಅಪ್ಪನಿಗೆ ಅವಕಾಶವಿತ್ತು. ನನ್ನ ಅನ್ನ ಬಟ್ಟೆಗೆ ಆಧಾರವಾಗಿ ಎರಡು ಎಕರೆ ಹೊಲವನ್ನು ಅಪ್ಪ ಮಾರಕೂಡದೆಂದೂ ಕೋರ್ಟು ಹೇಳಿತು. ಸಾಮಾನು ಕೊಡಿಸಲು ಕೋರ್ಟಿನ ಅಮೀನ ಮನೆಗೆ ಬಂದಾಗ "ಆಕಿ ಏನೂ ತಂದಿಲ್ಲ" ಎಂದು ಅಪ್ಪ ಮುಖ ತಿರುಗಿಸಿ ಕುಳಿತ. ಅತ್ತೆ ಒಂದೊಂದಾಗಿ ತಂದು ಅಂಗಳದಲ್ಲಿಟ್ಟಳು: ತಾಮ್ರದ ಹಂಡೆ, ಎರಡು ಕೊಡ, ಅವ್ವನ ಹೆಸರು ಕೆತ್ತಿದ ಹಿತ್ತಾಳೆ ಪರಾತ. ಕೊನೆಗೆ ಒಳಗೆ ಹೋಗಿ ನನ್ನ ತೊಟ್ಟಿಲನ್ನೂ ಹೊರಗೆಳೆದಳು. "ಇದೂ ಆಕಿ ತವರಿಂದ ಬಂದಿದ್ದು, ಬರ್ಕೊಳ್ರಿ."

ಅವ್ವ ಕರೆದೊಯ್ಯಲು ಬಂದ ದಿನ ನಾನು ಬಸ್‌ಸ್ಟ್ಯಾಂಡಿನಲ್ಲಿ ಅತ್ತೆಯ ಸೆರಗು ಬಿಡಲಿಲ್ಲ. ಅವಳು ಗದರಲೂ ಇಲ್ಲ, ರಮಿಸಲೂ ಇಲ್ಲ. ಕೂದಲ ಸಿಕ್ಕು ಬಿಡಿಸುವ ಹಾಗೆ ನನ್ನ ಬೆರಳುಗಳನ್ನು ಬಿಡಿಸಿ, ಅವ್ವನ ಅಂಗೈಯಲ್ಲಿಟ್ಟಳು. "ಈ ಸಲ ಗಟ್ಟಿ ಹಿಡ್ಕೋ ತಂಗಿ" ಎಂದು ಅವ್ವನಿಗೆ ಹೇಳಿ ಮನೆಯ ದಾರಿ ಹಿಡಿದಳು.

ಅಪ್ಪ ಅತ್ತೆಯನ್ನು ಬಹಳ ದಿನ ಮನೆಯಲ್ಲಿ ಇಟ್ಟುಕೊಳ್ಳಲಿಲ್ಲ. ಅವಳು ಹರಪನಹಳ್ಳಿಯ ಆಚೆ ತೆಲಿಗಿಯಲ್ಲಿ ಗಂಡನ ಕಡೆಯವರು ಕೊಟ್ಟ ಕೋಣೆ ಸೇರಿ ಅಲ್ಲೂ ನೂಲುತ್ತ ಉಳಿದಳೆಂದು ಕೇಳಿದೆವು. ಅಪ್ಪ ನಾಲ್ಕೈದು ತಿಂಗಳು ಬಂದ. ಮದುವೆಯಾದ ಮೇಲೆ ಬರಲಿಲ್ಲ. ನಾನು ಕಾದದ್ದು ಅವನಿಗಲ್ಲ. ಹಡಗಲಿಯ ಓಣಿಯಲ್ಲಿ ಕಂಬಳಿ ಹೊದ್ದ ಹೆಂಗಸು ಯಾರೇ ಕಂಡರೂ ಓಡಿಹೋಗಿ ಮುಖ ನೋಡುತ್ತಿದ್ದೆ. ಅತ್ತೆ ಒಮ್ಮೆಯೂ ಬರಲಿಲ್ಲ. ಅವಳಿಗೆ ನಾನು ಬೇಡವಾದೆ ಎಂದುಕೊಂಡೆ. ಆ ಸಿಟ್ಟಿನಲ್ಲೇ ಮೆಲ್ಲಗೆ ಅವ್ವನ ಮಗಳಾದೆ.

ಹತ್ತನೇ ತರಗತಿಯ ಪರೀಕ್ಷೆ ಮುಗಿದ ಮೇಲೆ ಅವ್ವನೇ ನನ್ನನ್ನು ತೆಲಿಗಿಗೆ ಕರೆದುಕೊಂಡು ಹೋದಳು. ಅತ್ತೆ ಸೊರಗಿದ್ದಳು. ನನ್ನನ್ನು ಗುರುತಿಸಲು ಒಂದು ಗಳಿಗೆ ಬೇಕಾಯಿತು. ಅವಳೂ ಅವ್ವನೂ ಒಬ್ಬರ ಮೊಣಕೈ ಒಬ್ಬರು ಹಿಡಿದುಕೊಂಡು ನಿಂತರು. ಅವ್ವ ನೀರಿಗೆಂದು ಹೋದಾಗ ನಾನು ಕೇಳಿಯೇಬಿಟ್ಟೆ.

"ಯಾಕ ಬರಲಿಲ್ಲ ಅತ್ತಿ? ಒಂದ ಸಲನಾರ?"

"ಬಂದಿದ್ರ ನೀ ನನ್ನ ಬೆನ್ನು ಹತ್ತಿ ಬರ್ತಿದ್ದಿ," ಅಂದಳು. "ನಿಮ್ಮವ್ವ ಎಲ್ಡನೇ ಸಲ ಕಟ್ಟಿ ಮ್ಯಾಲ ಕುಂದ್ರತಿದ್ಲು."

ಅವ್ವ ನನ್ನನ್ನು ಅಲ್ಲಿ ಬಿಟ್ಟು ಊರಿಗೆ ಮರಳಿದಳು. ಎಂಟು ದಿನ ಅತ್ತೆಯ ಕೈಯ ರೊಟ್ಟಿ ಉಂಡೆ, ಅವಳ ಪಕ್ಕದಲ್ಲಿ ಮಲಗಿದೆ. ಆ ದೀಪಾವಳಿಯ ಹೊತ್ತಿಗೆ ಅವಳು ತೀರಿಹೋದಳು. ನಮಗೆ ಸುದ್ದಿ ಮುಟ್ಟಿದ್ದು ಮಣ್ಣು ಕೊಟ್ಟ ಮೇಲೆ.

ಕೋರ್ಟಿನ ತೀರ್ಪಿನ ನಕಲು ಈಗ ನನ್ನ ಹತ್ತಿರ ಇದೆ. ಯಾರಿಗೆ ಏನೇನು ಎಂದು ಅದರಲ್ಲಿ ವಿವರವಾಗಿ ಬರೆದಿದ್ದಾರೆ. ಅತ್ತೆಗೆ ಏನೂ ಇಲ್ಲ. ಅವಳು ಕೇಳಿರಲೂ ಇಲ್ಲ. ನಾನು ತೆಲಿಗಿಯಿಂದ ಹೊರಟ ದಿನ ಇನ್ನೂ ನಾಲ್ಕು ದಿನ ಇರು ಎಂದು ಅವಳು ಅನ್ನಲಿಲ್ಲ. ನಾನಾದರೂ ಇರುತ್ತೇನೆ ಅನ್ನಬಹುದಿತ್ತು. ನನಗಿನ್ನೂ ರಜೆಯಿತ್ತು.