ಮೊದಲು ಒಲೆ ಹೊತ್ತಿಸಿದವರು

ಇಮಾಮಸಾಬ ಕಾಕಾನಿಗೆ ಹುಬ್ಬುಗಳೇ ಇರಲಿಲ್ಲ. ಮನೋಳಿಯ ಹೊಳೆದಂಡೆಗಿದ್ದ ತಮ್ಮ ಆಲೆಮನೆಯ ಒಲೆಗೆ ಬಗ್ಗಿ ಬಗ್ಗಿ ಕಬ್ಬಿನ ಸಿಪ್ಪೆ ತುರುಕಿ ಅವು ಸುಟ್ಟುಹೋಗಿದ್ದವು. ಹಾಗಾಗಿ ಮನುಷ್ಯ ಸಿಟ್ಟಾಗಿದ್ದಾರೋ ಖುಷಿಯಲ್ಲಿದ್ದಾರೋ ಮುಖ ನೋಡಿ ಹೇಳುವಂತಿರಲಿಲ್ಲ, ದನಿ ಕೇಳಬೇಕಿತ್ತು. ದನಿಯೇನೋ ಓಣಿಗೆಲ್ಲ ಕೇಳುತ್ತಿತ್ತು.

ನಮ್ಮದು ಪಕ್ಕದ ಮನೆ. ಯರಗಟ್ಟಿಯ ಶಾಲೆಯಲ್ಲಿ ಮಕ್ಕಳಿಗೆ ಪಾಠ ಮುಗಿಸಿ ಬಂದ ನಾನು ಪೇಪರು ಓದಿ ಹೇಳಬೇಕು, ಕಾಕಾ ಬೆಲ್ಲ ಕುದಿಸುತ್ತ ಅದರ ಜೊತೆ ಜಗಳ ಕಾಯಬೇಕು. ದೇಶದೇಶದವರು ಕೂತು ಹೊಗೆ ಕಡಿಮೆ ಮಾಡುವ ಒಪ್ಪಂದದ ಸುದ್ದಿ ಬಂತೆಂದರೆ ಕಾಕಾ ನಮ್ಮ ದೇಶದ ವಕೀಲರೇ ಆಗಿಬಿಡುತ್ತಿದ್ದರು.

“ಆ ಶ್ರೀಮಂತ ದೇಶದವರು ಮುತ್ತ್ಯಾನ ಕಾಲದಿಂದ ಕಲ್ಲಿದ್ದಲಿ ಸುಟ್ಟು ಮಾಳಗಿ ಮ್ಯಾಲ ಮಾಳಗಿ ಕಟ್ಟಿಕೊಂಡ್ರು. ನಮ್ಮ ಮನ್ಯಾಗ ಈಗರೆ ದೀಪ ಹತ್ತಾಕತ್ತೇತಿ. ಆರಿಸ್ರಿ ಅಂದ್ರ ಇದ್ಯಾವ ನ್ಯಾಯ? ಮೊದಲ ಒಲಿ ಹೊತ್ತಿಸಿದವರು ಮೊದಲ ಆರಿಸಲಿ!”

ಎರಡು ಸಾವಿರದ ಎಪ್ಪತ್ತರ ಹೊತ್ತಿಗೆ ಭಾರತ ತನ್ನ ಹೊಗೆಯನ್ನು ಸರಿದೂಗಿಸುತ್ತದಂತೆ ಎಂದು ಓದಿದಾಗ “ಬರೋಬ್ಬರಿ ಹೇಳ್ಯಾರ” ಎಂದು ಬೆನ್ನು ನೆಟ್ಟಗೆ ಮಾಡಿದರು. ಅವರ ವಾದ ನನಗೂ ಸರಿ ಎನಿಸುತ್ತಿತ್ತು, ಈಗಲೂ ಎನಿಸುತ್ತದೆ.

ಒಂದು ದೀಪಾವಳಿಗೆ ಅಕಾಲ ಮಳೆ ಹಿಡಿಯಿತು. ಸಿಪ್ಪೆ ನೆನೆದು ಒಲೆ ಹತ್ತದಾದಾಗ ಕಾಕಾ ಹಳೇ ಟೈರು ತಂದು ಹಾಕಿದರು. ಅವರನ್ನು ನೋಡಿ ದಂಡೆಯ ಉಳಿದೆರಡು ಆಲೆಮನೆಯವರೂ ಹಾಕಿದರು. ನಮ್ಮವ್ವನಿಗೆ ದಮ್ಮಿನ ಕಾಯಿಲೆ. ಸೆರಗನ್ನು ಮೂಗಿಗೆ ಒತ್ತಿಕೊಂಡು ಒಂದು ಸಂಜೆ ಒಲೆಯ ಮುಂದೆ ಬಂದು ನಿಂತಳು.

“ಇಮಾಮಣ್ಣ, ಈ ದಂಡಿಗೆ ಮೊದಲ ಟೈರ್ ಹಚ್ಚಿದವರು ಯಾರು?”

ಕಾಕಾ ಕೈಯಲ್ಲಿದ್ದ ಟೈರಿನ ತುಂಡನ್ನು ಕೆಳಗಿಟ್ಟರು. “ನಾನವ್ವಾ” ಎಂದರು.

“ಮತ್ತ ಮೊದಲ ಆರಿಸೋರು ಯಾರು?”

ಮರುದಿನ ಕಾಕಾ ಉಳಿದಿಬ್ಬರನ್ನು ಕರೆಸಿದರು. ಬಿಸಿ ಬೆಲ್ಲ ಬಾಯಲ್ಲಿಟ್ಟುಕೊಂಡು ಕೊಟ್ಟ ಮಾತನ್ನು ಮುರಿಯಬಾರದೆಂಬುದು ನಮ್ಮ ದಂಡೆಯ ಆಲೆಮನೆಯವರ ಕಟ್ಟಳೆ. ಮೂವರೂ ಬೆಲ್ಲ ಬಾಯಿಗಿಟ್ಟು, ಇನ್ನು ಟೈರು ಸುಡುವುದಿಲ್ಲ ಎಂದು ಒಪ್ಪಿದರು. ವಾರ ಕಳೆಯುವುದರೊಳಗೆ ಉಳಿದಿಬ್ಬರ ಚಿಮಣಿ ಮತ್ತೆ ಕರ್ರಗಾಯಿತು. ಕಾಕಾ ಮಾತ್ರ ಸಿಪ್ಪೆ ಒಣಗಲೆಂದು ಕಾದು ಕೂತರು. ಕಬ್ಬಿನ ಗಾಡಿಗಳು ಅವರ ಅಂಗಳ ದಾಟಿ ಮುಂದಕ್ಕೆ ಹೋದವು.

“ನೀವೊಬ್ಬರೇ ಯಾಕ ಕಾಕಾ?” ಎಂದೆ.

“ಅವರ ಬಾಯಾಗಿನ ಬೆಲ್ಲ ಕರಗೇತಿ ತಂಗಿ. ನಂದಿನ್ನೂ ಐತಿ.”

ಅವ್ವ ಆ ಚಳಿಗಾಲ ದಾಟಲಿಲ್ಲ. ಮಣ್ಣಿಗೆ ಬಂದ ಕಾಕಾ ಎಲ್ಲರಿಗಿಂತ ಹಿಂದೆ ನಿಂತಿದ್ದರು. ಆಮೇಲೆ ಅವರ ಒಲೆ ಹೊತ್ತಲಿಲ್ಲ. ಪೇಪರು ಓದೆಂದು ನನ್ನನ್ನು ಕರೆಯಲೂ ಇಲ್ಲ.

ಮುಂದಿನ ವರ್ಷ ಆ ದೇಶದೇಶದವರ ಸಭೆಯ ಸುದ್ದಿ ಬಂದ ದಿನ ತಡೆಯಲಾರದೆ ನಾನೇ ಹೋದೆ. ಹಾಸಿಗೆ ಹಿಡಿದಿದ್ದರು. ಬೆಂಕಿಯ ಝಳ ಕಾಣದ ಮುಖದಲ್ಲಿ ಹುಬ್ಬುಗಳು ಬೆಳ್ಳಗೆ ಬೆಳೆದಿದ್ದವು. ನಾನು ಓದಿದೆ: ನಮ್ಮ ದೇಶದ ಮಾತು ಅದೇ, ಶ್ರೀಮಂತ ದೇಶಗಳ ಮಾತೂ ಅದೇ, ತೀರ್ಮಾನ ಮುಂದಕ್ಕೆ. ಕಾಕಾ ಜಗಳ ಕಾಯಲಿಲ್ಲ.

“ನಮ್ಮವರು ಹೇಳೂದು ಖರೇನ ಐತಿ” ಎಂದರು ಮೆಲ್ಲಗೆ. “ಆದ್ರ ತಂಗಿ, ಒಳಗ ಹೋದದ್ದರಾಗ ನನ್ನ ಹೊಗಿ ಎಷ್ಟು, ಅವರ ಹೊಗಿ ಎಷ್ಟು ಅಂತ ನಿಮ್ಮವ್ವನ ಎದಿಗೆ ಗೊತ್ತಾಗಲಿಲ್ಲ.”

ಹುಬ್ಬುಗಳು ಒಂದಕ್ಕೊಂದು ಕೂಡಿಕೊಂಡವು. ಅವರ ಮುಖ ನೋಡಿ ಮನಸ್ಸು ತಿಳಿದದ್ದು ಅದೇ ಮೊದಲು, ಅದೇ ಕೊನೆ. ನನಗೆ ಅಳು ತಡೆಯಲಾಗಲಿಲ್ಲ.

ಈ ವರ್ಷದ ಸಭೆಯ ಸುದ್ದಿಯೂ ಬಂದಿದೆ. ಕಾಕಾ ಈಗಿಲ್ಲ, ಅವರ ಒಲೆಯ ಬಾಯಲ್ಲಿ ಹುಲ್ಲು ಬೆಳೆದಿದೆ. ಪೇಪರು ಬಿಚ್ಚಿ ಅಭ್ಯಾಸಬಲದಿಂದ ಗಟ್ಟಿಯಾಗಿ ಓದತೊಡಗಿದೆ. ಅಷ್ಟರಲ್ಲಿ ದಂಡೆಯ ಕಡೆಯಿಂದ ಟೈರಿನ ವಾಸನೆ ಬಂತು. ಎದ್ದು ಕಿಟಕಿ ಹಾಕಿದೆ.