ಎರಡು ಇಪ್ಪತ್ತು

ಶಿವರಾಯನನ್ನ ನಾನು ಮೊದಲು ನೋಡಿದ್ದು ನಾಸಿಕದ ಶೆಡ್ಡಿನಾಗ, ನಾಗರಪಂಚಮಿಯ ಮರುದಿನ. ನಮ್ಮ ಶೆಡ್ಡಿನಾಗ ದೊಡ್ಡ ಕಟ್ಟಡಗಳ ಗಾಜಿನ ಗೋಡೆ ತಯಾರಾಗತಾವ. ಅಲ್ಯುಮಿನಿಯಂ ಚೌಕಟ್ಟಿಗೆ ಗಾಜು ಕೂಡಿಸಿದ ಮೇಲೆ ಸುತ್ತ ರಬ್ಬರ್ ಒತ್ತೋದು ನನ್ನ ಕೆಲಸ. ತಯಾರಾದ ಗೋಡೆ ಸಂಭಾಜಿನಗರಕ್ಕ ಒಯ್ದು ಕಟ್ಟಡಕ್ಕ ಸಿಗಿಸೋದು ಅವನ ಕೆಲಸ. ಔರಾದ ಕಡೆಯವ, ನನ್ನಂಗ ಕನ್ನಡ ಮಾತಾಡಾವ.

ನನ್ನ ಮನೆಯವರು ಘೋಟಿ ಊರಾಗ ಕಟ್ಟಡಕ್ಕ ಕಟ್ಟಿದ ಬಿದಿರಿನ ಅಟ್ಟದಿಂದ ಬಿದ್ದು ತೀರಿಕೊಂಡವರು ಅಂತ ಯಾರೋ ಅವನಿಗೆ ಹೇಳಿದ್ದರು. ಹತ್ತಿರ ಬಂದು ಕುಂತ. ಈ ಗೋಡೆಗೆ ಅಟ್ಟ ಬೇಕಿಲ್ಲ, ಕ್ರೇನ್ ಎತ್ತಿ ಕೊಡತದ, ಮಳಿ ಬಂದರೂ ಶೆಡ್ಡಿನ ಕೆಲಸ ನಿಲ್ಲಂಗಿಲ್ಲ, ತಿಂಗಳ ಕೆಲಸ ವಾರಕ್ಕ ಮುಗೀತದ ಅಂದ.

"ನಾವು ಒಳಗ ನಿಂತು ಕೊಕ್ಕಿಗೆ ಸಿಗಸ್ತೀವ್ರಿ ಅವ್ವಾ. ಹೊರಗ ಕಾಲಿಡೋ ಮಾತೇ ಇಲ್ಲ."

ಅವತ್ತಿನಿಂದ ನಾನು ಪ್ರತಿ ಮೂಲಿ ಮೂರು ಸಲ ಒತ್ತಿ ನೋಡತಿದ್ದೆ.

ಒಂದೊಂದು ಗೋಡೆಗೂ ಒಂದೊಂದು ನಂಬರ್. ಗಾಜಿಗೆ ಅಂಟಿಸಿದ ಹಾಳೆ ಮೇಲೆ ಶೆಡ್ಡಿನ ಲೆಕ್ಕದ ಲತಾ ಮರಾಠಿ ಅಂಕಿಯಾಗ ಬರೀತಿದ್ದಳು. ಹೋದ ಕಾರ್ತಿಕದಾಗ ಒಂದಿನ ಆಕಿ ಊಟಕ್ಕ ಹೋದಾಗ ಲಾರಿಯವ ಹಾರ್ನ್ ಹೊಡಿಯಾಕ ಹತ್ತಿದ. ನಂಬರ್ ಬರಿಯೋದು ಒಂದೇ ಗೋಡೆಗೆ ಉಳಿದಿತ್ತು, ಇಪ್ಪತ್ತೊಂದು. ನಾನೇ ಬರದೆ. ಎರಡನೇ ತನಕ ಕನ್ನಡ ಸಾಲಿ ಕಲತಾಕಿ, ಬಂದಂಗ ಬರದೆ: ೨೧.

ಮೂರನೇ ದಿನ ಸುದ್ದಿ ಬಂತು. ಶಿವರಾಯ ಇಪ್ಪತ್ತರ ಜಾಗಕ್ಕ ಇಪ್ಪತ್ತೊಂದು ಸಿಗಿಸಿದ್ದ. ಅದು ಎರಡು ಬೆರಳು ಅಗಲ ಹೆಚ್ಚು, ಕೂಡಲಿಲ್ಲ, ಇಳಿಸುವಾಗ ಗಾಜು ಸೀಳಿತು. ಎರಡರ ಮೇಲೂ ಇಪ್ಪತ್ತೇ ಇತ್ತು ಅಂತ ಅವ ಹೇಳಿದ್ದಕ್ಕ ಎಲ್ಲರೂ ನಕ್ಕರಂತ. ಸಿಗಿಸೋ ಮೊದಲೇ ಹಾಳೆ ಕಿತ್ತು ಒಗೆಯೋದು ರೂಢಿ, ತೋರಸಾಕ ಏನೂ ಉಳಿದಿರಲಿಲ್ಲ.

"ಒಂದು ಎರಡಾಗಿ ಕಾಣೋದು ಯಾವಾಗ, ಗೊತ್ತದಲ್ಲ ಮಾವಶಿ?" ಅಂತ ಲತಾ ಹೆಬ್ಬೆಟ್ಟು ಬಾಯಿಗೆ ಹಿಡಿದು ನಕ್ಕಳು.

ಆಕಿ ಹೋದ ಮೇಲೆ ನೆಲದ ಧೂಳಿನಾಗ ಬೆರಳಿಂದ ಬರದು ನೋಡಿದೆ. ನಮ್ಮ ಕನ್ನಡದ ಎರಡು ಮರಾಠಿಯವರ ಎರಡಿನಂಗೇ ಅದ. ನಮ್ಮ ಒಂದು ಅವರ ಸೊನ್ನಿಯಂಗ ಕಾಣತದ. ಕಾಲಿಂದ ಅಳಿಸಿಬಿಟ್ಟೆ.

ಆಗಲೇ ಹೇಳಬೇಕಿತ್ತು. ಓದು ಬಾರದಾಕಿ ಯಾಕ ಮುಟ್ಟಿದಿ ಅಂತ ನನ್ನ ಕೆಲಸದಿಂದ ತಗದಾರು ಅಂತ ಬಾಯಿ ಮುಚ್ಚಿಕೊಂಡೆ. ಅವನನ್ನ ತಗದರು. ಹದಿನಾಲ್ಕು ವರ್ಷ ಒಂದು ಗಾಜೂ ಒಡೆಯದ ಕೈ ಅದು.

ಹೋಗೋ ದಿನ ಶೆಡ್ಡಿಗೆ ಬಂದು ನನ್ನ ಕಾಲು ಮುಟ್ಟಿದ. ಇಗತಪುರಿಯಾಗ ಗೋಡೆಗೆ ಗಿಲಾವು ಮಾಡೋರ ಜೋಡಿ ಸೇರತೀನಿ, ಬಿದಿರಿನ ಅಟ್ಟದ ಕೆಲಸ ಅಂದ. ಯಾರನ್ನೂ ಬೈಯಲಿಲ್ಲ. ನಾನು ಕೈಯಾಗಿನ ರಬ್ಬರ್ ನೋಡಿಕೋತ ಕುಂತೆ. ಅವ ತನ್ನ ಕಣ್ಣು ಉಜ್ಜಿಕೊಂಡು, ದೂರದ ಬೋರ್ಡ್ ಒಂದನ್ನ ಸಣ್ಣ ದನಿಯಾಗ ಓದಿ ನೋಡಿ, ನನ್ನ ಕಡೆ ತಿರುಗಿದ.

"ಅವ್ವಾ, ನಾಸಿಕದಾಗ ಕಣ್ಣಿಗೆ ಯಾವ ಡಾಕ್ಟರ್ ಚಲೋ ಇದ್ದಾರ್ರಿ?"